ನಾಲ್ಕು ಬಾಗಿಲ ಉಗ್ರಾಣ

“ಅಜ್ಜನವರೇ, ಒಳ್ಳೆಯದು ಮಾಡುವ ಮನಸ್ಸಿದ್ದರೂ ಮಾಡಲಾಗದಂತೆ ಕಟ್ಟಿದ ಮನೆ ಒಂದಿದೆ. ಅದರಲ್ಲಿ ಕೂತವನಿಗೆ ಪಾಪ ಅಂಟುತ್ತದೆಯೇ?”

ಕೇಳಿದವನು ಚನ್ನವೀರ. ಮಠದಲ್ಲಿ ಉಂಡು, ಮಠದಲ್ಲೇ ಓದಿ, ಈಗ ಸರ್ಕಾರದ ಹಣಕಾಸು ಮತ್ತು ಆಡಳಿತ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ.

“ಮೊದಲು ಮನೆ ತೋರಿಸು, ಆಮೇಲೆ ಪಾಪ ಹುಡುಕೋಣ,” ಎಂದರು ಮಠದ ಅಜ್ಜ.

“ಮನೆ ಅಂದರೆ ನಮ್ಮ ಇಲಾಖೆ. ಅದರಲ್ಲಿ ನಾಲ್ಕು ಶಾಖೆ. ಒಂದು, ಬೇಕೇ ಎಂದು ನೋಡುತ್ತದೆ. ಇನ್ನೊಂದು, ಇದೆಯೇ ಎಂದು ನೋಡುತ್ತದೆ. ಮೂರನೆಯದು ಕೊಡುತ್ತದೆ. ಕೊಟ್ಟದ್ದು ಸರಿಯೇ ಎಂದು ನಾಲ್ಕನೆಯದು ತಪಾಸಣೆ ಮಾಡುತ್ತದೆ. ನಾನಿರುವುದು ಮೊದಲನೆಯದರಲ್ಲಿ. ಒಂದು ಊರಿನ ಹೆರಿಗೆ ಆಸ್ಪತ್ರೆಯ ಸೂರು ಸೋರುತ್ತಿದೆ. ಬಾಣಂತಿಯರು ಒಣಗಿದ ಜಾಗ ಹುಡುಕಿ ಮಂಚ ಎಳೆದಾಡುತ್ತಿದ್ದಾರೆ. ದುರಸ್ತಿ ಬೇಕು ಎಂದು ಬರೆದು ನಾನು ಎಂದೋ ಸಹಿ ಹಾಕಿದೆ. ಕಡತ ಎರಡನೆಯ ಶಾಖೆಯಲ್ಲಿ ಕೂತುಬಿಟ್ಟಿದೆ. ಅವರ ಕೆಲಸಕ್ಕೆ ನಾನು ಕೈ ಹಾಕುವಂತಿಲ್ಲ. ಮಳೆ ಶುರುವಾದರೆ ಸಾಕು, ನನಗೆ ಅನ್ನ ಸೇರುವುದಿಲ್ಲ.”

ಅಜ್ಜ ಅವನ ಮುಖ ನೋಡಿದರು. ಅವರಿಗೆ ಮರುಕವಾಯಿತು.

“ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯೇ ಬಂದು ಅಳುತ್ತಿದ್ದಾನಲ್ಲಪ್ಪ! ಕಣ್ಣೊರೆಸಿಕೋ. ಒಂದು ಕತೆ ಹೇಳುತ್ತೇನೆ, ಕೇಳು.

“ಒಬ್ಬ ಅರಸನಿದ್ದ. ಅವನ ಅಪ್ಪನ ಕಾಲದಲ್ಲಿ ರಾಜ್ಯದ ಉಗ್ರಾಣವೆಲ್ಲ ಒಬ್ಬನೇ ಅಧಿಕಾರಿಯ ಕೈಯಲ್ಲಿತ್ತು. ಬೇಕು ಅನ್ನುವವನೂ ಅವನೇ, ಇದೆ ಅನ್ನುವವನೂ ಅವನೇ, ಕೊಡುವವನೂ ಅವನೇ, ಕೊಟ್ಟದ್ದು ಸರಿ ಅನ್ನುವವನೂ ಅವನೇ. ಇನ್ನೇನಾದೀತು? ಸೇತುವೆಗೆಂದು ತಂದ ಮರ ಅವನ ಭಾವಮೈದುನನ ಮನೆಗೆ ತೊಲೆಯಾಯಿತು. ಬೇಲಿಯೇ ಎದ್ದು ಹೊಲ ಮೇಯಿತು. ಸೇತುವೆಯಿಲ್ಲದ ಹೊಳೆ ದಾಟಲು ಹೋಗಿ ಜನ ಸತ್ತರು.

“ಮಗ ಪಟ್ಟಕ್ಕೆ ಬಂದವನೇ ಉಗ್ರಾಣಕ್ಕೆ ನಾಲ್ಕು ಬಾಗಿಲು ಇಡಿಸಿದ. ಬಾಗಿಲಿಗೊಬ್ಬನನ್ನು ಕೂರಿಸಿದ. ನಿಮ್ಮ ನಾಲ್ಕು ಶಾಖೆಯ ಹಾಗೆಯೇ ಅನ್ನು. ಒಬ್ಬನ ಕೆಲಸಕ್ಕೆ ಇನ್ನೊಬ್ಬ ಕೈ ಹಾಕಕೂಡದು ಎಂದು ಅಪ್ಪಣೆ ಮಾಡಿದ. ಒಳ್ಳೆಯ ಏರ್ಪಾಡು ತಮ್ಮಾ, ನಾನೇನೂ ಹಾಸ್ಯ ಮಾಡುತ್ತಿಲ್ಲ. ಕಳವು ನಿಂತಿತು.

“ಒಂದು ಮಳೆಗಾಲ ಕೆರೆ ಕಾಯುವವನೊಬ್ಬ ಓಡಿ ಬಂದ. ಕೆರೆಯ ಏರಿಯ ಬುಡದಲ್ಲಿ ನೀರು ಜಿನುಗುತ್ತಿತ್ತು. ತಿಳಿನೀರಾದರೆ ಯಾರೂ ಹೆದರುವುದಿಲ್ಲ. ಈ ನೀರು ಕೆಂಪಗಿತ್ತು. ಅಂದರೆ ಏರಿಯೊಳಗಿನ ಮಣ್ಣೇ ಕರಗಿ ಬರುತ್ತಿತ್ತು. ಅದಕ್ಕೆ ಒತ್ತು ಕೊಡಲು ಅವನಿಗೆ ಗೋಣಿಚೀಲವೂ ಗೂಟವೂ ಬೇಕಾಗಿದ್ದವು.

“ಮೊದಲ ಬಾಗಿಲಿನವನು ಒಳ್ಳೆಯವನು. ಎಲ್ಲ ಕೇಳಿದ, ನಂಬಿದ, ಬೇಕು ಎಂದು ಓಲೆ ಬರೆದ. ಮಜ್ಜಿಗೆಯನ್ನೂ ಕುಡಿಸಿದ. ಅಂಗಳದಲ್ಲಿ ಕಾಯುತ್ತಿರು, ಓಲೆ ಮುಂದಿನ ಬಾಗಿಲಿಗೆ ಹೋಗುತ್ತದೆ ಎಂದ. ಓಲೆ ಒಯ್ಯುವ ಆಳು ಬರುತ್ತಿದ್ದುದು ಸಂಜೆಗೊಮ್ಮೆ. ಎರಡನೆಯವನು ಓಲೆಗಾಗಿ ಕಾದ. ಮೂರನೆಯವನು ಎರಡನೆಯವನಿಗಾಗಿ ಕಾದ. ಯಾರೂ ಕೆಟ್ಟವರಲ್ಲ. ಎಲ್ಲರೂ ಅಂಗಳದತ್ತ ನೋಡಿ ಅಯ್ಯೋ ಪಾಪ ಅಂದರು. ಅಷ್ಟು ಅನ್ನುವುದಕ್ಕೆ ಯಾವ ಬಾಗಿಲೂ ಅಡ್ಡ ಬರುವುದಿಲ್ಲ ನೋಡು!

“ನಾಲ್ಕನೆಯ ಬಾಗಿಲಲ್ಲಿದ್ದವನು ತಪಾಸಣೆಯ ಮುದುಕ. ಬಲು ಬಿಗಿ ಆಸಾಮಿ. ಅವನನ್ನು ಕಂಡರೆ ಉಳಿದ ಮೂವರಿಗೂ ನಡುಕ. ಮೊಣಕಾಲು ನೋವು ಬೇರೆ, ಕೂತಲ್ಲಿಂದ ಏಳುತ್ತಿರಲಿಲ್ಲ. ಅವನು ಕೆರೆಯವನನ್ನು ಕೂಗಿ ಕೇಳಿದ: ‘ಏನಯ್ಯಾ, ಒಂದು ಕಡೆ ಕೂರಲಾರೆಯಾ? ಯಾಕೆ ಹಾಗೆ ಸುತ್ತುತ್ತೀಯೆ?’

“‘ಏರಿಯ ಕೆಳಗಿನ ಊರಿಗೇ ನನ್ನ ಮಗಳನ್ನು ಕೊಟ್ಟಿದ್ದೇನೆ ಬುದ್ಧಿ. ಹಸಿ ಬಾಣಂತಿ. ಕೂಸಿಗಿನ್ನೂ ಹೆಸರಿಟ್ಟಿಲ್ಲ. ಹೇಗೆ ಕೂರಲಿ?’

“ಮುದುಕ ಗೋಡೆ ಹಿಡಿದು ಎದ್ದ. ಕೆರೆಯವನ ಹೆಗಲ ಮೇಲೆ ಕೈಯೂರಿ, ಕುಂಟುತ್ತ ಮೊದಲ ಬಾಗಿಲಿಗೆ ಹೋದ. ಓಲೆ ಇಸಿದುಕೊಂಡ. ಅದನ್ನು ಎರಡನೆಯ ಬಾಗಿಲಿನವನಿಗೆ ಕೊಟ್ಟು, ಅವನು ಗೋಣಿಚೀಲ ಇದೆ ಎಂದು ನೋಡಿ ಬರೆಯುವ ತನಕ ಅಲ್ಲೇ ನಿಂತ. ಮೂರನೆಯ ಬಾಗಿಲಲ್ಲಿ ಚೀಲವೂ ಗೂಟವೂ ಗಾಡಿಗೇರುವ ತನಕ ನಿಂತ. ಹೊತ್ತು ಮುಳುಗುವ ಮುಂಚೆ ಗಾಡಿ ಕೆರೆ ಮುಟ್ಟಿತು. ಊರವರೆಲ್ಲ ಸೇರಿ ಏರಿಗೆ ಒತ್ತು ಕೊಟ್ಟರು. ಕೆಳಗಿನ ಕೆಲವು ಗದ್ದೆ ಹಾಳಾದವು, ಊರು ಉಳಿಯಿತು. ಆ ಕೂಸೂ ಉಳಿಯಿತು, ದೇವರು ದೊಡ್ಡವನು.

“ಮಿಕ್ಕ ಚೀಲಗಳು ಹಿಂದಿರುಗಿ ಬಂದಾಗ ಅದೇ ಮುದುಕ ಎಣಿಸಿ, ಒಂದು ಕಡಿಮೆಯಿದೆ ಎಂದು ಕೆರೆಯವನನ್ನು ಗದರಿದ. ಅದನ್ನು ತೊಟ್ಟಿಲ ಕೆಳಗೆ ಹಾಸಿದ್ದರಂತೆ. ‘ಹಾಗಂತಲೇ ಬರೆಸು’ ಅಂದ ಪುಣ್ಯಾತ್ಮ. ತನ್ನ ಕೆಲಸ ಮಾತ್ರ ಬಿಟ್ಟಿರಲಿಲ್ಲ!

“ಸುದ್ದಿ ಅರಸನ ಕಿವಿಗೆ ಬಿತ್ತು. ಮುದುಕನನ್ನು ಕರೆಸಿ, ‘ಮೂವರ ಕೆಲಸಕ್ಕೂ ಕೈ ಹಾಕಿದೆಯಂತೆ?’ ಎಂದು ಕೇಳಿದ.

“‘ಇಲ್ಲ ಮಹಾಸ್ವಾಮಿ. ಅವರವರ ಕೆಲಸ ಅವರವರೇ ಮಾಡಿದರು. ನಾನು ಜೊತೆಗೆ ನಡೆದೆ, ಅಷ್ಟೇ.’

“ಅರಸ ಅವನನ್ನು ಮನೆಯ ತನಕ ಪಲ್ಲಕ್ಕಿಯಲ್ಲಿ ಕಳುಹಿಸಿದ. ಮೊಣಕಾಲು ಅಷ್ಟು ಊದಿತ್ತು.”

ಅಜ್ಜ ಕತೆ ನಿಲ್ಲಿಸಿದರು. ಚನ್ನವೀರ ತಡವರಿಸುತ್ತ ಹೇಳಿದ: “ಅಜ್ಜನವರೇ, ಎರಡನೆಯ ಶಾಖೆ ನಮ್ಮ ಮೇಲಿನ ಮಹಡಿಯಲ್ಲಿದೆ. ಕಡತ ಜವಾನನ ಕೈಯಲ್ಲಿ ಹೋಗುವುದು ರೂಢಿ. ನನ್ನಂಥ ಅಧಿಕಾರಿ ತಾನೇ ಮೆಟ್ಟಿಲು ಹತ್ತಿ ಹೋಗಿ ಅಲ್ಲಿ ನಿಂತರೆ...”

“ಯಾಕೆ ತಮ್ಮಾ, ಕುರ್ಚಿಯಿಂದ ಏಳುವುದಕ್ಕೂ ಮಂಜೂರಾತಿ ಬೇಕೇ?”