ಗೀಜಗನ ಬಯಲು ನೇಯ್ಗೆ

ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಒಂದು ಗೀಜಗ ಗೂಡು ನೇಯುತ್ತಿತ್ತು. ಅದಕ್ಕೆ ಗುರುವಿರಲಿಲ್ಲ. ಗಾಳಿಗೆ ಬಿದ್ದ ಹಳೆಯ ಗೂಡುಗಳನ್ನು ಎಳೆ ಎಳೆಯಾಗಿ ಬಿಚ್ಚಿ, ಮತ್ತೆ ಹೆಣೆದು ಕಲಿತಿತ್ತು. ಈಗ ಯಾರು ಬಂದು ಕೇಳಿದರೂ ಗಂಟು ಬಿಚ್ಚಿ ತೋರಿಸುತ್ತಿತ್ತು.

ಎದುರು ಮರದ ಮರಕುಟಿಗ ಪೊಟರೆಯಿಂದ ತಲೆ ಹೊರಹಾಕಿ, "ಎಂಥ ದಡ್ಡನಯ್ಯಾ ನೀನು! ನನ್ನ ಕೆಲಸವೆಲ್ಲ ಮರದೊಳಗೆ, ಯಾರ ಕಣ್ಣಿಗೂ ಬೀಳದು. ನೀನೋ ಬಯಲಲ್ಲಿ ನೇಯುತ್ತೀಯ. ಕೆಳಗಿನ ಕೊಂಬೆಯ ಆ ಕಳ್ಳ ನಿನ್ನ ಗೂಡನ್ನೇ ನಕಲು ಮಾಡಿದ್ದಾನೆ," ಎಂದಿತು.

"ಕದ್ದಿಲ್ಲ, ನಾನೇ ಕೊಟ್ಟೆ. ನನ್ನ ಗೂಡು ನನ್ನ ಹತ್ತಿರವೇ ಇದೆಯಲ್ಲ," ಎಂದಿತು ಗೀಜಗ.

ಅಷ್ಟರಲ್ಲಿ ಕೆಳಗಿನ ಕೊಂಬೆಯ ಗೀಜಗ ಹಾರಿಬಂತು. "ಅಣ್ಣಾ, ನಿನ್ನ ಗೂಡಿನ ಕೊಳವೆಯಲ್ಲಿ ಹುಲ್ಲಿನ ತುದಿಗಳು ಹೊರಗೆ ಚಾಚಿವೆ. ಹಾವಿಗೆ ಹಿಡಿತ ಸಿಗುತ್ತದೆ. ನಾನು ಒಳಕ್ಕೆ ಮಡಚಿ ನೇಯ್ದಿದ್ದೇನೆ, ಬಂದು ನೋಡು."

ಗೀಜಗ ಹೋಗಿ ನೋಡಿತು. ಮರಳಿ ಬಂದು ತನ್ನ ಕೊಳವೆಯನ್ನು ಪೂರ್ತಿ ಬಿಚ್ಚಿ, ಹಾಗೆಯೇ ನೇಯ್ದಿತು.

"ಕಳ್ಳನ ಹತ್ತಿರ ಪಾಠ!" ಎಂದು ಮರಕುಟಿಗ ನಕ್ಕಿತು.

ಗೂಡಿನಲ್ಲಿ ಮೊಟ್ಟೆಗಳಾದ ಮೇಲೆ ಕೇರೆಹಾವು ಬಂತು. ಕೊಳವೆಗೆ ಸುತ್ತಿಕೊಳ್ಳಲು ಹೋಗಿ, ಹಿಡಿತ ಸಿಗದೆ ಜಾರಿ, ದುಡುಮ್ಮೆಂದು ಬಾವಿಗೆ ಬಿತ್ತು. ಬಿದ್ದದ್ದು ಈಜಿ ದಡ ಹತ್ತಿ, ಮರಕುಟಿಗನ ಮರದ ಕಡೆ ಕತ್ತೆತ್ತಿ ನೋಡಿ ಪೊದೆಗೆ ಸರಿಯಿತು.

ಮರಕುಟಿಗ ಪೊಟರೆಯ ಬಾಗಿಲಿಗೆ ಅಡ್ಡ ನಿಂತು ಕೂಗಿತು. "ಗೀಜಗಣ್ಣಾ, ನನ್ನ ಮನೆಯಲ್ಲೂ ಮೊಟ್ಟೆಗಳಿವೆ. ಏನಾದರೂ ಉಪಾಯ ಹೇಳು."

"ನನ್ನನ್ನಲ್ಲ, ಆ ಕಳ್ಳನನ್ನು ಕೇಳು."

ಕಳ್ಳ ಗೀಜಗ ಆಗಲೇ ಪೊಟರೆಯ ಮುಂದೆ ಕುಳಿತಿತ್ತು. "ಹೇಳುತ್ತೇನೆ. ಮೊದಲು ಬಾಗಿಲಿನಿಂದ ಪಕ್ಕಕ್ಕೆ ಸರಿ. ಒಳಗೆ ನೋಡದೆ ಏನಂತ ಹೇಳಲಿ?"