ದೇವರು ನೋಡುವ ಕಡೆ

“ಬುದ್ಧಿ, ಊರಿನ ಕಸಕ್ಕೆ ಎಂಥ ನಿಯಮ ಮಾಡಿದರೆ ಯಾರಿಗೂ ತೊಂದರೆಯಾಗುವುದಿಲ್ಲ?”

ಮರುಳಯ್ಯ ಮಠದ ಗುರುಗಳನ್ನು ಹೀಗೆ ಕೇಳಿದ್ದು ನಿಂತುಕೊಂಡೇ. ಕೂರಲು ಅವನಿಂದ ಆಗುತ್ತಿರಲಿಲ್ಲ. ಮಠದಲ್ಲಿ ಚೆನ್ನಾಗಿ ಬರೆಯಬಲ್ಲವನೆಂದು ಪುರಸಭೆಯವರು ಕಸ ವಿಲೇವಾರಿಯ ನಿಯಮ ಬರೆಯುವ ಕೆಲಸವನ್ನು ಅವನಿಗೆ ಒಪ್ಪಿಸಿದ್ದರು. ಬರೆದೂ ಆಗಿತ್ತು. ಊರೊಳಗೆ ಎಲ್ಲೂ ಕಸ ಸುರಿಯಕೂಡದು, ಎಲ್ಲವನ್ನೂ ಹಳ್ಳದಕೇರಿಯ ತಗ್ಗಿಗೆ ಸಾಗಿಸಬೇಕು ಎಂಬುದು ಅದರ ಸಾರ. ಸಂಜೆ ಸಭೆಯಲ್ಲಿ ಓದಿದರೆ ಮುಗಿಯಿತು.

ಆದರೆ ಹಳ್ಳದಕೇರಿಯ ಕೆಂಪಾಜಮ್ಮ ಬೆಳಿಗ್ಗೆಯೇ ಬಂದು ಮಠದ ಮುಂಬಾಗಿಲಲ್ಲಿ ಕೂತುಬಿಟ್ಟಿದ್ದಳು. “ತಗ್ಗಿನ ಪಕ್ಕದಲ್ಲೇ ನನ್ನ ಮನೆ ಐತೆ ಅಯ್ನೋರೆ. ಊರ ಕಸ ಅಲ್ಲಿಗೆ ಬಂದ್ರೆ ನಾನೆಲ್ಲಿಗೆ ಹೋಗ್ಲಿ?” ಎಂಬುದು ಅವಳ ಒಂದೇ ಮಾತು. ಮರುಳಯ್ಯ ಒರಟನಲ್ಲ. “ಅವ್ವಾ, ಇಲ್ಲಿ ಬಿಸಿಲು. ಭಕ್ತರು ಓಡಾಡೋ ಜಾಗ ಬೇರೆ” ಎಂದು ಕೈಹಿಡಿದು ಎಬ್ಬಿಸಿ, ಕೊಟ್ಟಿಗೆಯ ಹಿಂದಿನ ನೆರಳಲ್ಲಿ ಚಾಪೆ ಹಾಸಿ ಕೂರಿಸಿ, ಮಜ್ಜಿಗೆಯನ್ನೂ ಕೊಡಿಸಿದ್ದ. ಅವಳು ಕೂತಳು. ಅವನಿಗೆ ಮಾತ್ರ ಆಗಿನಿಂದ ನಿಂತಲ್ಲಿ ನಿಲ್ಲಲಾಗಲಿಲ್ಲ.

ಗುರುಗಳು ವಿಭೂತಿಯ ತಟ್ಟೆಯನ್ನು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಒಂದು ಊರಿತ್ತು. ಅಲ್ಲಿ ಗೋಡೆ ಕಂಡಲ್ಲೆಲ್ಲ ಕಸ ಬೀಳುತ್ತಿತ್ತು. ಊರ ಯಜಮಾನ ಡಂಗುರ ಹೊಡೆಸಿದ. ಬೀಳುತ್ತಲೇ ಇತ್ತು. ದಂಡ ಹಾಕಿದ. ವಸೂಲಿಗೆ ಹೋದವರ ಕಾಲ ಬುಡದಲ್ಲೇ ಕಸ ಬಿತ್ತು. ಕೊನೆಗೆ ಅವನು ಎಲ್ಲರೂ ಮೆಚ್ಚುವ ನಿಯಮ ಮಾಡಿದ: ದೇವರ ದೃಷ್ಟಿ ಬೀಳುವ ಕಡೆ ಯಾರೂ ಕಸ ಹಾಕಕೂಡದು. ಜನ ದೈವಭಕ್ತರು. ಒಂದೇ ಮಾತಿಗೆ ಒಪ್ಪಿದರು.

ಮೊದಲು ಒಬ್ಬ ವರ್ತಕ ತನ್ನ ಅಂಗಡಿಯ ಗೋಡೆಗೆ ದೇವರ ಪಟ ತೂಗುಹಾಕಿದ. ಅಲ್ಲಿ ಬೀಳುತ್ತಿದ್ದ ಕಸ ಪಕ್ಕದ ಗೋಡೆಗೆ ಹೋಯಿತು. ಪಕ್ಕದವನೂ ಪಟ ತಂದ. ಕಸ ಮುಂದಿನ ಬೀದಿಗೆ ಹೋಯಿತು. ಹೀಗೆ ಕಸ ಮುಂದೆ, ದೇವರು ಹಿಂದೆ, ಇಡೀ ಊರು ಸುತ್ತಿದವು. ಊರು ಥಳಥಳ ಹೊಳೆಯಿತು. ನೋಡಲೆಂದು ಬೇರೆ ಊರಿನ ಯಜಮಾನರು ಬಂದರು, ಹಾರ ಹಾಕಿಸಿಕೊಂಡು ಹೋದರು.

ಊರ ಕೊನೆಯಲ್ಲಿ ಒಬ್ಬ ಮುದುಕಿಯ ಗುಡಿಸಲಿತ್ತು. ಕಸದ ಗಾಡಿಗಳೆಲ್ಲ ಅಲ್ಲಿಗೆ ಬರತೊಡಗಿದವು. ಮುದುಕಿಗೆ ಬಾಗಿಲು ತೆರೆದರೆ ನಾತ, ಮುಚ್ಚಿದರೆ ಉಬ್ಬಸ. ಅವಳು ನಿಯಮ ಏನೆಂದು ಕೇಳಿ ತಿಳಿದುಕೊಂಡಳು. ತಾನು ಪೂಜೆ ಮಾಡುತ್ತಿದ್ದ ಒಂದೇ ಪಟವನ್ನು ಒಳಗಿನಿಂದ ತಂದು ಗುಡಿಸಲ ಹೊರಗಿನ ತಡಿಕೆಗೆ ಕಟ್ಟಿದಳು.

ಮರುದಿನ ವರ್ತಕ ಗಾಡಿ ಹೊಡೆದುಕೊಂಡು ಬಂದ. ಪಟ ನೋಡಿ ನಿಲ್ಲಿಸಿದ. ಚಪ್ಪಲಿ ಬಿಟ್ಟ. ಕೈ ತೊಳೆದುಕೊಂಡ. ಪಟವನ್ನು ಬಿಚ್ಚಿ ಕಣ್ಣಿಗೊತ್ತಿಕೊಂಡು, ಎದುರಿನ ಬೇವಿನ ಮರಕ್ಕೆ ಹೊಲದ ಕಡೆ ಮುಖ ಮಾಡಿ ಕಟ್ಟಿದ. ಒಂದು ಹೂವನ್ನೂ ಏರಿಸಿದ. ಆಮೇಲೆ ಗಾಡಿ ಮಗುಚಿದ.

“ಅಯ್ಯೋ, ದೇವರ ಮುಂದೇನೇ ಸುರಿದುಬಿಟ್ಟೆಯಲ್ಲಪ್ಪಾ!” ಎಂದಳು ಮುದುಕಿ.

“ಬಿಡ್ತು ಅನ್ನು ಅಜ್ಜಿ. ದೇವರು ಈಗ ಆ ಕಡೆ ನೋಡ್ತಾ ಇದ್ದಾನೆ” ಎಂದ ವರ್ತಕ.

ಮುದುಕಿ ಹೋಗಿ ಯಜಮಾನನನ್ನು ಕರೆತಂದಳು. ಯಜಮಾನ ನ್ಯಾಯವಂತ. ಪಟದ ಪಕ್ಕದಲ್ಲಿ ಮರಕ್ಕೆ ಬೆನ್ನು ಕೊಟ್ಟು ನಿಂತು, ದೇವರು ನೋಡುವ ಕಡೆಗೇ ತಾನೂ ನೋಡಿದ. ಹೊಲ ಕಂಡಿತು. ಕಸ ಕಾಣಲಿಲ್ಲ. ಮೂಗು ಮುಚ್ಚಿಕೊಂಡು ತೀರ್ಪು ಕೊಟ್ಟ: ನಿಯಮ ಎಲ್ಲೂ ಮುರಿದಿಲ್ಲ.

ಮರುಳಯ್ಯನಿಗೆ ಬೆಳಗಿನಿಂದ ಮೊದಲ ಸಲ ನಗು ಬಂತು.

“ಎಂಥ ಭಂಡರು ಬುದ್ಧಿ! ದೇವರನ್ನೇ ಎತ್ತಿ ಆ ಕಡೆ ತಿರುಗಿಸುವುದೇ? ಅದೂ ಕೈ ತೊಳೆದುಕೊಂಡು, ಹೂವೇರಿಸಿ! ನಮ್ಮ ಊರಲ್ಲಿ ಇಂಥದ್ದೆಲ್ಲ ನಡೆಯುವುದಿಲ್ಲ.”

ಗುರುಗಳು ಖಾಲಿಯಾಗಿದ್ದ ಮುಂಬಾಗಿಲನ್ನು ನೋಡಿದರು.

“ಬೆಳಿಗ್ಗೆ ಅಲ್ಲಿ ಕೂತಿದ್ದ ತಾಯಿಯನ್ನು ಯಾವ ಕಡೆ ಮುಖ ಮಾಡಿ ಕೂರಿಸಿದ್ದೀಯ, ಮರುಳಯ್ಯ?”

ಮರುಳಯ್ಯ ಕೊಟ್ಟಿಗೆಯ ಕಡೆ ತಿರುಗಿದ. ಕೂರಲಿಲ್ಲ.