ಚಿರತೆ ವಿಚಾರಿಸಿದ ವಿಳಾಸ

ಕೆಂಚನೆಂಬ ಮಂಗ ಹೆಂಡತಿ, ಮಗಳನ್ನು ಕರೆದುಕೊಂಡು ನಗರದ ಮೃಗಾಲಯ ನೋಡಲು ಹೋದ. ಚಿರತೆಯ ಬೋನಿನ ಮುಂದೆ ನಿಂತು, ಕಡಲೆಕಾಯಿ ಸಿಪ್ಪೆ ಒಳಗೆಸೆದು ಹಲ್ಲು ಕಿಸಿದ.

“ನೋಡು ಮಗಳೇ, ನಿನ್ನ ಮುತ್ತಜ್ಜನನ್ನು ತಿಂದದ್ದು ಇದರ ಕುಲವೇ. ಈಗ ಮಿಸುಕಾಡಲೂ ಧೈರ್ಯವಿಲ್ಲ!”

ಚಿರತೆ ಸಿಟ್ಟಾಗಲಿಲ್ಲ. ಮರಿಯನ್ನೇ ನೋಡುತ್ತ ಮೆಲ್ಲಗೆ ಕೇಳಿತು: “ಮುದ್ದಾಗಿದೆ. ಹೆಸರೇನು?”

“ಚಿಗುರಿ,” ಎಂದ ಕೆಂಚ ಹೆಮ್ಮೆಯಿಂದ.

“ವಾಸ ಎಲ್ಲಿ?”

“ಕೆರೆ ಏರಿಯ ದೊಡ್ಡ ಆಲದ ಮರ. ಮೂರನೆಯ ಕೊಂಬೆಯಲ್ಲಿ...”

ಹೆಂಡತಿ ಗಂಡನ ಬಾಯಿ ಮುಚ್ಚಿದಳು. ಮರಿಯನ್ನು ಹೊಟ್ಟೆಗೆ ಅವಚಿಕೊಂಡು, ತಿರುಗಿ ನೋಡದೆ ಗೇಟಿನವರೆಗೆ ಓಡಿದಳು.

ಹಿಂದೆಯೇ ಬಂದ ಕೆಂಚ ನಕ್ಕ. “ಹುಚ್ಚಿ, ಅದು ಬೋನಿನಲ್ಲಿದೆ ಕಣೇ. ಬೀಗ ಹಾಕಿದ್ದಾರೆ.”

“ಬೀಗ ಹಾಕುವವನು ಮನುಷ್ಯ. ಮರೆತ ದಿನ ಅವನು ನಮಗೆ ಹೇಳಿ ಕಳಿಸುತ್ತಾನೆಯೇ?”

ಕೆಂಚನ ನಗು ನಿಂತಿತು. ಆಲದ ಬುಡಕ್ಕೆ ಬಂದಾಗ ಅವನಿಗೆ ಮೇಲೆ ಹತ್ತಲು ಕಾಲೇ ಬರಲಿಲ್ಲ. “ಬೇರೆ ಮರ ನೋಡೋಣ,” ಎಂದ.

ಸಂಜೆಯವರೆಗೆ ಮೂವರೂ ಅಲೆದರು. ಅಪ್ಪ ತೋರಿಸಿದ ಪ್ರತಿ ಮರದ ಕೆಳಗೂ ಚಿಗುರಿ ಕೇಳುತ್ತಲೇ ಇದ್ದಳು: “ಈ ಮರ ಅದಕ್ಕೆ ಗೊತ್ತಾ ಅಪ್ಪಾ?”